ಗುಂಡಿಯ ತಳಕ್ಕೆ ಒಂದು ನಾಣ್ಯ

ಅದಕ್ಕೆ ಪ್ರಾಚ್ಯ... ಪ್ರಾಚ್ಯ ಏನೋ ಸಂಗ್ರಹಾಲಯ ಅಂತಾರೆ. ನೆಲ ಅಗೆದಾಗ ಸಿಕ್ಕ ಹಳೇ ವಸ್ತುಗಳನ್ನು ಇಡುವ ಮನೆ. ಅಲ್ಲೊಬ್ಬ ಜವಾನನಿದ್ದ. ಅವನ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಸಿಕ್ಕ ಬಾಗಿಲು, ಕೊಡ, ನೇಗಿಲಗುಳಗಳನ್ನು ಜೋಡಿಸಿ ಶಿಲ್ಪಿಯೊಬ್ಬಳು ಕೂತ ತಾಯಿಯ ಮೂರ್ತಿ ಮಾಡಿ ಅಲ್ಲಿಟ್ಟಿದ್ದಳು. ಊರಿನದೆಂದು ಉಳಿದದ್ದು ಅದೊಂದೇ.

ರಜೆ ಮುಗಿಸಿ ಬಂದ ಸಂಗ್ರಹಾಲಯದ ಸಾಹೇಬರು ಅದನ್ನು ಕಂಡು ಕೆರಳಿದರು. "ಸಾವಿರ ವರ್ಷದ ಕಲ್ಲುಗಳ ಪಕ್ಕ ಈ ಗುಜರಿ ಯಾಕಯ್ಯ? ಹಿತ್ತಲಲ್ಲಿ ಹೂತುಬಿಡು."

"ಆಗಲಿ ಸಾರ್" ಅಂದ ಜವಾನ. ಗುಂಡಿ ತೋಡಿದ. ಆಮೇಲೆ ಬಂದು ಕೈಚಾಚಿ ನಿಂತ.

"ಏನಯ್ಯ?"

"ಈ ವರ್ಷದ್ದೊಂದು ನಾಣ್ಯ ಕೊಡಿ ಸಾರ್. ಗುಂಡಿ ಮುಚ್ಚುವಾಗ ತಳಕ್ಕೆ ನಾಣ್ಯ ಹಾಕಬೇಕು, ಮುಂದೆ ಅಗೆಯುವವರಿಗೆ ಯಾರ ಕಾಲದ್ದೆಂದು ಗೊತ್ತಾಗಬೇಕು ಅಂತ ತಾವೇ ಹೇಳಿಕೊಟ್ಟಿದ್ದೀರಿ. ಜೊತೆಗೆ ಮೇಜಿನ ಮೇಲಿರುವ ತಮ್ಮ ಹೆಸರಿನ ಹಲಗೆಯನ್ನೂ ಹಾಕುತ್ತೇನೆ. ಹೂತವರು ಯಾರೆಂದು ಅವರು ತಡಕಾಡುವುದು ಬೇಡ."

ಜೇಬಿಗೆ ಹೋಗಿದ್ದ ಸಾಹೇಬರ ಕೈ ಬರಿದೇ ಹೊರಬಂತು. ಎದ್ದು ಹೋಗಿ ಮೂರ್ತಿಯ ಮುಂದೆ ನಿಂತರು.

"ಬರೀ ಗುಂಡಿ ಮುಚ್ಚಯ್ಯ" ಅಂದರು.

ತಾಯಿ ಇನ್ನೂ ಅಲ್ಲೇ ಕೂತಿದ್ದಾಳೆ. ಆ ಊರಿನ ಹೆಸರು ಈಗ ಯಾವ ನಕ್ಷೆಯಲ್ಲೂ ಇಲ್ಲ. ನಾನು ಹುಟ್ಟಿದ್ದೂ ಅಲ್ಲೇ. ಹೆಸರು ಹೇಳ್ತೀನಿ, ಬರಕೋ ಮಗಾ.