ತೋಳಿನ ಮೇಲಿನ ತೊಟ್ಟಿಲು

ಶಿಷ್ಯ ಮುರಿಗೆಯ್ಯ ಕೇಳಿದ: “ಗುರುಗಳೇ, ನಮ್ಮಲ್ಲಿ ಪಾಲು ಎಂದರೆ ಹಂಚಿ ಬಂದ ಭಾಗ. ಹೊಳೆ ದಾಟಿ ತೆಲುಗರ ಮನೆಯಲ್ಲಿ ಪಾಲು ಕೊಡಿ ಎಂದರೆ ಹಾಲು ತಂದಿಡುತ್ತಾರೆ. ನಮ್ಮಲ್ಲಿ ಅವ್ವ ಎಂದರೆ ಹೆತ್ತವಳು. ಅವರಲ್ಲಿ ಅವ್ವ ಎಂದರೆ ಅಜ್ಜಿ. ಬಾಯಿಂದ ಹೊರಡುವ ಸದ್ದು ಒಂದೇ. ಒಂದು ಮಾತಿಗೆ ಎರಡು ಅರ್ಥ ಹೇಗಿರಲು ಸಾಧ್ಯ? ಒಬ್ಬರದು ನಿಜ, ಇನ್ನೊಬ್ಬರದು ಕೆಟ್ಟುಹೋದದ್ದು ಎಂದೇ ಆಗಬೇಕಲ್ಲವೇ?”

ಅವನು ಅಂದು ಹೊಳೆಯಾಚೆಯ ಪಂಡಿತನೊಬ್ಬನ ಜೊತೆ ಜಗಳವಾಡಿಕೊಂಡು ಬಂದಿದ್ದ. ಮಠಕ್ಕೆ ಬಂದು ಉಂಡರೂ ಸಿಟ್ಟು ಇಳಿದಿರಲಿಲ್ಲ. ಗುರುಗಳು ಪಾಲಿನ ಮಾತೂ ಎತ್ತಲಿಲ್ಲ, ಹಾಲಿನ ಮಾತೂ ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನ ಹೆಂಡತಿ ಇದ್ದಳು. ಅವಳ ಎಡತೋಳಿನ ಮೇಲೆ ತೊಟ್ಟಿಲಿನ ಹಚ್ಚೆ ಇತ್ತು. ಆ ಊರಿನಲ್ಲಿ ಹಸುಗೂಸನ್ನು ಮಣ್ಣಿಗೆ ಕೊಟ್ಟ ತಾಯಿ ಮಾತ್ರ ಆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದಳು. ಮನೆಯ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ ಮೇಲೆ ಕೂಸು ತಾಯಿಯ ತೋಳಿನಲ್ಲಾದರೂ ಮಲಗಲಿ ಎಂದು. ಅವಳ ಮೊದಲ ಕೂಸು ಹೆಣ್ಣು. ಹೆಸರಿಟ್ಟ ಸ್ವಲ್ಪ ದಿನಕ್ಕೇ ಹೋಗಿತ್ತು. ಆಮೇಲೆ ಒಬ್ಬ ಮಗ ಹುಟ್ಟಿ ಬೆಳೆದ. ಅವಳು ಎಲ್ಲರಂತೆ ನಗುತ್ತಲೂ ಇದ್ದಳು, ಬಯ್ಯುತ್ತಲೂ ಇದ್ದಳು. ಆದರೆ ಮೈ ತೊಳೆಯುವಾಗ ಆ ತೋಳನ್ನು ಉಜ್ಜುತ್ತಿರಲಿಲ್ಲ, ಸುಮ್ಮನೆ ನೀರು ಹಾಕಿ ಬಿಡುತ್ತಿದ್ದಳು.

ಮಗನಿಗೆ ಹೊಳೆಯಾಚೆಯ ಊರಿನಿಂದ ಹೆಣ್ಣು ತಂದರು. ಹುಡುಗಿ ಚುರುಕು. ಯಾರನ್ನೂ ಹತ್ತಿರ ಸೇರಿಸದ ಎಮ್ಮೆ ಕೂಡ ಅವಳ ಕೈಗೆ ಒಗ್ಗಿತು. ಅತ್ತೆಗೆ ಹಿಗ್ಗೋ ಹಿಗ್ಗು. ನೆರೆಯವರ ಮುಂದೆ ಸೊಸೆಯನ್ನು ಹೊಗಳಿ ಹೊಗಳಿ ಅವರ ಹೊಟ್ಟೆ ಉರಿಸಿದಳು. ಆ ಸುಖಕ್ಕೆ ಯಾರ ದೃಷ್ಟಿ ತಾಗಿತೋ. ಒಂದು ದಿನ ಸೊಸೆ ರೊಟ್ಟಿ ಬಡಿಯಲು ಕೂತು ಕುಪ್ಪಸದ ತೋಳನ್ನು ಮೇಲಕ್ಕೆ ಮಡಿಸಿದಳು. ಅಲ್ಲಿ ತೊಟ್ಟಿಲಿತ್ತು. ಅದೇ ಹಗ್ಗ, ಅದೇ ಕೊಕ್ಕೆ, ಒಳಗೆ ಅದೇ ಒಂದು ಹಸಿರು ಚುಕ್ಕಿ.

ಅತ್ತೆ ಆ ತೋಳನ್ನು ಗಬಕ್ಕನೆ ಹಿಡಿದಳು. “ಯಾವಾಗ ಹಡೆದಿದ್ದಿ? ಎಲ್ಲಿ ಹುಗಿದಿ?” ಎಂದು ಕೇಳಿದಳು.

ಹುಡುಗಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಹಿಟ್ಟು ಹತ್ತಿದ ಕೈಯಲ್ಲೇ ಅತ್ತೆಯ ಕಾಲು ಹಿಡಿದಳು. “ನಮ್ಮೂರಾಗ ಮದುವಿ ಮುಂಚೆ ಎಲ್ಲಾ ಹುಡುಗೇರಿಗೂ ಹಾಕಸ್ತಾರ, ಅತ್ತಿ. ಮಡಿಲು ತುಂಬಲಿ ಅಂತ ಹರಸಿ ಹಾಕಸ್ತಾರ. ಬೇಕಾದ್ರ ಯಾರನ್ನರ ಕಳಿಸಿ ಕೇಳ್ರಿ.”

ಹೊಳೆ ದಾಟಿ ಬರಲು ಅರ್ಧ ದಿನ ಸಾಕಿತ್ತು. ಆದರೂ ಯಾರನ್ನೂ ಕಳಿಸಲಿಲ್ಲ. ರೈತ ಹಿಂದೆಮುಂದೆ ನೋಡಿದ, ಮಗ ಅತ್ತ. ಅತ್ತೆ ಹಟ ಬಿಡಲಿಲ್ಲ. ಊರಿನವರು ಅವಳನ್ನು ಗಯ್ಯಾಳಿ ಎಂದರು. ಅವಳು ಗಯ್ಯಾಳಿಯಲ್ಲ. ಆ ಗುರುತಿಗೆ ತಾನು ಏನು ಕಳೆದುಕೊಂಡಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಅದೇ ಗುರುತನ್ನು ಯಾರೋ ಹಾಡು ಹೇಳಿಸಿಕೊಂಡು, ಆರತಿ ಎತ್ತಿಸಿಕೊಂಡು, ನಗುನಗುತ್ತಾ ಹಾಕಿಸಿಕೊಳ್ಳುತ್ತಾರೆ ಎಂದರೆ ಅವಳ ಕರುಳು ಒಪ್ಪಲಿಲ್ಲ. ಒಪ್ಪಿದರೆ ಕೂಸನ್ನು ಇನ್ನೊಮ್ಮೆ ಕಳೆದುಕೊಂಡಂತೆ ಎನಿಸಿತು. ಹುಡುಗಿಯನ್ನು ಉಟ್ಟ ಬಟ್ಟೆಯಲ್ಲೇ ತವರಿಗೆ ಕಳಿಸಿಬಿಟ್ಟರು.

ಸೊಸೆಯ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಬಿಟ್ಟ ಹೆಣ್ಣಿನ ಸಾಮಾನು ಮನೆಯಲ್ಲಿರಬಾರದು ಎಂದು ಸುಗ್ಗಿ ಮುಗಿದ ಮೇಲೆ ರೈತನ ಹೆಂಡತಿ ತಾನೇ ಅದನ್ನು ಹೊತ್ತು ಹೊಳೆ ದಾಟಿದಳು. ಆಚೆ ದಂಡೆಯಲ್ಲಿ ಹುಡುಗಿಯರು ಬಟ್ಟೆ ಒಗೆಯುತ್ತಿದ್ದರು. ಇನ್ನೂ ಲಂಗ ಉಡುವ ವಯಸ್ಸಿನವರು. ಒಬ್ಬಳ ತೋಳಿನಲ್ಲಿ ತೊಟ್ಟಿಲು, ಪಕ್ಕದವಳ ತೋಳಿನಲ್ಲೂ ತೊಟ್ಟಿಲು. ಮತ್ತೊಬ್ಬಳಿಗೆ ಹೊಸದಾಗಿ ಹಾಕಿಸಿ ತೋಳು ಊದಿತ್ತು. ಉಳಿದವರು ಅವಳನ್ನು ಮದುಮಗಳೆಂದು ರೇಗಿಸುತ್ತಿದ್ದರು. ರೈತನ ಹೆಂಡತಿ ಪೆಟ್ಟಿಗೆಯನ್ನು ಮರಳಿನ ಮೇಲೆ ಇಳಿಸಿ ಅಲ್ಲೇ ಕೂತಳು. ಅಳುವುದಕ್ಕೂ ನಾಚಿಕೆಯಾಯಿತು ಅವಳಿಗೆ.

ತವರುಮನೆಯ ಹಿತ್ತಿಲಲ್ಲಿ ಹುಡುಗಿ ಕುಳ್ಳು ತಟ್ಟುತ್ತಿದ್ದಳು. ಅತ್ತೆ ಹೋದವಳೇ ಸಗಣಿಯ ಕೈಗಳನ್ನು ಹಾಗೆಯೇ ಹಿಡಿದುಕೊಂಡಳು. “ತಪ್ಪಾತವ್ವಾ. ನನ್ನ ಕಣ್ಣು ಕುರುಡಾಗಿದ್ವು. ಮನಿಗೆ ನಡಿ” ಎಂದಳು.

ಹುಡುಗಿ ಕೈ ಬಿಡಿಸಿಕೊಂಡು ತೋಳು ತೋರಿಸಿದಳು. ತೊಟ್ಟಿಲಿದ್ದ ಕಡೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ತವರಿಗೆ ಬಂದ ದಿನವೇ ಸೌಟು ಕಾಯಿಸಿ ತಾನೇ ಒತ್ತಿಕೊಂಡಿದ್ದಳು. “ಯಾವ ಮನಿಗೆ ಬರ್ಲಿ ಅತ್ತಿ? ನಿಮ್ಮೂರಾಗ ಇದು ಇದ್ದದ್ದ ತಪ್ಪಾತು. ನಮ್ಮೂರಾಗ ಈಗ ಇದು ಇಲ್ಲದ್ದ ತಪ್ಪಾಗೇತಿ. ತೊಟ್ಟಿಲು ಸುಟ್ಟಕೊಂಡಾಕಿ ಅಂತ ಇಲ್ಲಿ ನನ್ನ ಯಾರೂ ಒಳಗ ಕರ್ಯಂಗಿಲ್ಲ” ಎಂದಳು. ಆಮೇಲೆ ತಿರುಗಿ ಕೂತು ಕುಳ್ಳು ತಟ್ಟತೊಡಗಿದಳು. ರೈತನ ಹೆಂಡತಿ ಎಷ್ಟು ಕರೆದರೂ ಅವಳು ಏಳಲಿಲ್ಲ. ಸಂಜೆಯಾದ ಮೇಲೆ ಮುದುಕಿ ಒಬ್ಬಳೇ ಹೊಳೆಯ ಕಡೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನ ಕಣ್ಣು ತುಂಬಿತ್ತು. “ಪಾಪ, ಇಬ್ಬರೂ ಕೆಟ್ಟರು” ಎಂದ. ಆದರೆ ಓದಿದವನ ತಲೆ, ಹಿಡಿದದ್ದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಕೇಳಿದ: “ಆದರೂ ಗುರುಗಳೇ, ಆ ಗುರುತು ಮೊದಲು ಹುಟ್ಟಿದ್ದು ಯಾವ ದಂಡೆಯಲ್ಲಿ? ಅದರ ನಿಜವಾದ ಅರ್ಥ ಯಾವುದು?”

ಗುರುಗಳು ಅವನನ್ನು ನೋಡಿ ಹೇಳಿದರು: “ಆ ಸೌಟನ್ನು ಕಾಯಿಸಿದ್ದು ಇದೇ ಪ್ರಶ್ನೆ.”