ಗೂಟದ ಬೀದಿಯ ಬರಿಗೂಟ

ಮೈಸೂರಿನ ಹಳೇ ಮಾರುಕಟ್ಟೆಯ ಬೆನ್ನಿಗೆ ಒಂದು ಇಕ್ಕಟ್ಟಾದ ಬೀದಿ ಇದೆ. ಅಲ್ಲಿನ ಹಳೆಯ ಮನೆಗಳ ಬಾಗಿಲ ಪಕ್ಕದಲ್ಲಿ ಇಂದಿಗೂ ಒಂದೊಂದು ಮರದ ಗೂಟ ಉಳಿದಿದೆ. ಯಾರೋ ದೊಡ್ಡವರ ಹೆಸರಿನ ಫಲಕ ನೆಟ್ಟಿದ್ದರೂ ಜನ ಅದನ್ನು ಗೂಟದ ಬೀದಿ ಎಂದೇ ಕರೆಯುತ್ತಾರೆ. ದನ ಕಟ್ಟುವ ಗೂಟವೆಂದು ಬೊಗಳೆ ಬಿಡುವವರ ಮಾತು ನಂಬಬೇಡಿ. ಎದೆಯೆತ್ತರದಲ್ಲಿ ಗೋಡೆಗೆ ಬಡಿದ ಗೂಟಕ್ಕೆ ಯಾವ ಪುಣ್ಯಾತ್ಮ ದನ ಕಟ್ಟುತ್ತಾನೆ?

ಹಿಂದೆ ಒಮ್ಮೆ ಈ ಬೀದಿಯ ತುಂಬ ಹೊಟ್ಟೆಪಾಡಿಗೆ ಪತ್ತೇದಾರಿ ಕಾದಂಬರಿ ಬರೆಯುವವರೇ ಇದ್ದರು ಎನ್ನುತ್ತಾರೆ. ಬರೆದ ಹಾಳೆಗಳನ್ನು ಬಟ್ಟೆ ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿದರೆ ಬೆಳಗ್ಗೆ ಅಚ್ಚುಕೂಟದ ಆಳು ಒಯ್ಯುತ್ತಿದ್ದ. ಹಾಳೆಯ ಮೇಲೆ ಯಾರೂ ಹೆಸರು ಬರೆಯುವಂತಿರಲಿಲ್ಲ. ಯಾರು ಬರೆದರೂ ಪುಸ್ತಕ ಬರುತ್ತಿದ್ದುದು 'ವಜ್ರಮುಖಿ' ಎಂಬ ಹೆಸರಿನಲ್ಲಿ. ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ! ಬೀದಿಯ ಕೊನೆಮನೆಯ ಗವಿರಂಗಯ್ಯನವರೂ ಹಾಗೆ ಬರೆದೇ ತಲೆ ನರೆಸಿಕೊಂಡವರು. ಹೆಂಡತಿ ಸಾಕಮ್ಮ ಸಾಯುವಾಗ, "ಏನೂಂದ್ರೆ, ಒಂದು ಪುಸ್ತಕನಾದ್ರೂ ನಿಮ್ಮ ಹೆಸರಲ್ಲಿ ಬರಲಿ" ಎಂದಿದ್ದಳು. ಒಂಟಿಯಾದ ಮೇಲೆ ಅವರು ಅವಳ ಬಾಳಿನ ಕಥೆಯನ್ನೇ ಬರೆದರು. ಅಚ್ಚುಕೂಟದ ಯಜಮಾನರು ಅದನ್ನು ಗವಿರಂಗಯ್ಯನವರ ಹೆಸರಿನಲ್ಲೇ ತರಲು ಒಪ್ಪಿದರು. ಆದರೆ ಹಾಳು ಅಭ್ಯಾಸ ಕೇಳಬೇಕಲ್ಲ! ಹೆಸರು ಬರೆಯದೆಯೇ ಚೀಲವನ್ನು ಗೂಟಕ್ಕೆ ಹಾಕಿಬಿಟ್ಟರು. ಚೀಲಗಳ ರಾಶಿಯಲ್ಲಿ ಅದೂ ಸೇರಿಹೋಗಿ, ಪುಸ್ತಕ ವಜ್ರಮುಖಿಯದಾಗಿ ಹೊರಬಂತು. "ಅಚ್ಚಾಗಿ ಹೋಯ್ತಲ್ಲಯ್ಯ, ಇನ್ನೇನು ಮಾಡಲಿ?" ಎಂದರಂತೆ ಯಜಮಾನರು.

ಅದನ್ನು ಓದಿ ಕಣ್ಣೀರಿಟ್ಟವರಿಗೆ ಲೆಕ್ಕವಿಲ್ಲ. ಒಂದು ದಿನ ತಿಪಟೂರಿನಿಂದ ಒಬ್ಬ ನಡುವಯಸ್ಸಿನ ಹೆಂಗಸು ಮಲ್ಲಿಗೆ ಹಾರ ಹಿಡಿದು ವಜ್ರಮುಖಿಯನ್ನು ಹುಡುಕಿಕೊಂಡು ಬಂದಳು. ಮನೆಮನೆ ವಿಚಾರಿಸಿ ಕೊನೆಗೆ ಗವಿರಂಗಯ್ಯನವರ ಬಾಗಿಲಲ್ಲಿ ನಿಂತಾಗ ಅವರು ಹೊರಗೆ ಬಂದರು. "ನಾನೇ ತಾಯಿ" ಎಂದರು. ಆಕೆಯ ಮುಖ ಸಣ್ಣದಾಯಿತು. "ಏನ್ ಸ್ವಾಮಿ, ಪಕ್ಕದ ಮನೆಯವರೂ ನಾನೇ ಅಂದ್ರು, ಎದುರು ಮನೆಯವರೂ ನಾನೇ ಅಂದ್ರು. ಎಲ್ಲ ಸೇರಿ ತಮಾಷೆ ಮಾಡ್ತೀರಾ?" ಪಾಪ, ಅವರಾರೂ ಸುಳ್ಳು ಹೇಳಿರಲಿಲ್ಲ. ಇವರು ಸಾಕಮ್ಮನ ಹೆಸರೆತ್ತುವಷ್ಟರಲ್ಲಿ ಆಕೆ ತಿರುಗಿ ನಡೆದಿದ್ದಳು. ತಂದ ಹೂವನ್ನು ಮರಳಿ ಒಯ್ಯಲು ಮನಸ್ಸಾಗದೆ ಬೀದಿಯ ಮೊದಲ ಮನೆಯ ಗೂಟಕ್ಕೆ ಹಾಕಿ ಹೋದಳು. ಅದು, ಬೀದಿಯಲ್ಲಿ ಕಥೆ ಬರೆಯದಿದ್ದ ಒಬ್ಬನೇ ಒಬ್ಬನಾದ ಅಕ್ಕಿ ವ್ಯಾಪಾರಿಯ ಮನೆ. ಆ ಗೂಟಕ್ಕೆ ಛತ್ರಿ ಬಿಟ್ಟು ಬೇರೇನೂ ತೂಗಿದ್ದಿಲ್ಲ.

ಇಂದಿಗೂ ಆ ಪುಸ್ತಕ ಓದಿದವರು ಬಂದು, ಅದೇ ವಜ್ರಮುಖಿಯ ಗೂಟವೆಂದು ನಂಬಿ ಆ ಮೊದಲ ಗೂಟಕ್ಕೇ ಹೂ ಮುಡಿಸಿ, ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ಅದಲ್ಲವೆಂದು ನಾನು ಎಷ್ಟೋ ಜನಕ್ಕೆ ಹೇಳಿದೆ, ಯಾರು ಕೇಳುತ್ತಾರೆ? ಬೀದಿಯ ಕೊನೆಯವರೆಗೂ ನಡೆದುಬಂದವರಿಗೆ ಇನ್ನೊಂದು ಗೂಟ ಕಾಣುತ್ತದೆ. ಅದಕ್ಕೆ ಹೂವಿಲ್ಲ, ಹೆಸರೂ ಇಲ್ಲ. ಚೀಲದ ದಾರ ಉಜ್ಜಿ ಉಜ್ಜಿ ಅದರ ಕತ್ತು ಮಾತ್ರ ಸವೆದಿದೆ.