ಅಳಿಲಿನ ಗುರುತು

ಆಲದ ಮರದ ಅಳಿಲಿಗೆ ತನ್ನ ಸುದ್ದಿ ತಾನೇ ಸಾರದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ದಿನಾ ಬೆಳಗ್ಗೆ ತುದಿಕೊಂಬೆಗೆ ಹತ್ತಿ, ತಾನು ಹುಟ್ಟಿದ ಪೊಟರೆ ಯಾವುದು, ಅವ್ವ ತನ್ನನ್ನು ಮುದ್ದಿಗೆ ಏನೆಂದು ಕರೆಯುತ್ತಿದ್ದಳು ಎಂಬುದನ್ನೆಲ್ಲ ಇಡೀ ತೋಪಿಗೇ ಕೇಳುವಂತೆ ಹಾಡುತ್ತಿತ್ತು. ಕಂಡವರ ದನಿಯನ್ನೆಲ್ಲ ಅನುಕರಿಸುವ ಗೊರವಂಕ ಕೆಳಗಿನ ಕೊಂಬೆಯಲ್ಲಿ ಕೂತು ತಲೆದೂಗಿ, "ಆಹಾ, ಇನ್ನೊಮ್ಮೆ" ಎನ್ನುತ್ತಿತ್ತು. ಅಳಿಲು ಉಬ್ಬಿಹೋಗಿ ಇನ್ನೊಮ್ಮೆ ಹಾಡುತ್ತಿತ್ತು.

ಮರದವರೆಲ್ಲ ಮಳೆಗಾಲಕ್ಕೆಂದು ಕೂಡಿಟ್ಟ ಕಾಳುಕಡ್ಡಿಯನ್ನು ಕಾಯುತ್ತಿದ್ದುದು ಬುಡದಲ್ಲಿದ್ದ ಮುದಿ ಆಮೆ. ಅದಕ್ಕೆ ಕಣ್ಣು ಮಂಜು. ಹಾಗಾಗಿ ದನಿ ಕೇಳಿ, ಹುಟ್ಟಿದ ಪೊಟರೆ, ಮುದ್ದಿನ ಹೆಸರು ವಿಚಾರಿಸಿ ಒಡೆಯರನ್ನು ಗುರುತಿಸುತ್ತಿತ್ತು.

ಮಳೆ ಹಿಡಿದ ದಿನ ಅಳಿಲು ತನ್ನ ಕಡಲೆಕಾಯಿ ಕೇಳಿತು.

"ಅರ್ಧ ಈಗಷ್ಟೇ ಒಯ್ದೆಯಲ್ಲಪ್ಪ," ಎಂದಿತು ಆಮೆ. "ಒಂದು ಉತ್ತರವೂ ತಪ್ಪಲಿಲ್ಲ. ಹೋಗುವಾಗ ಹಾಡನ್ನೂ ಹೇಳಿದೆ."

"ಅಜ್ಜಾ, ಅದು ನಾನಲ್ಲ. ಅಳಿಲು ನಾನು. ನನ್ನ ವಿಷಯ ಇಡೀ ಮರಕ್ಕೇ ಗೊತ್ತು."

"ತೊಂದರೆ ಇರುವುದೇ ಅಲ್ಲಿ. ಯಾರಿಗೂ ಗೊತ್ತಿಲ್ಲದ್ದು ಒಂದಾದರೂ ಹೇಳು."

ಅಳಿಲು ತಲೆ ಕೆರೆದುಕೊಂಡಿತು. ಬಾಲವನ್ನೂ ಕೆರೆದುಕೊಂಡಿತು. ಕೊನೆಗೆ ಆಮೆಯ ಚಿಪ್ಪಿನೊಳಗೆ ಮೂತಿ ತೂರಿಸಿ, "ನನಗೆ ನನ್ನ ಬಾಲದ ನೆರಳು ಕಂಡರೆ ಭಯ" ಎಂದು ಪಿಸುಗುಟ್ಟಿತು.

"ಇನ್ನು ಇದೇ ನಿನ್ನ ಗುರುತು. ಈ ಹೊತ್ತಿನ ಮಳೆ ನಿಲ್ಲಲಿ, ಇದನ್ನು ಹೇಳಿ ಉಳಿದರ್ಧ ಒಯ್ಯುವೆಯಂತೆ."

ಅಳಿಲಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರಸರನೆ ತುದಿಕೊಂಬೆಗೆ ಹತ್ತಿ ಕೂಗಿತು: "ಕೇಳಿರಪ್ಪ, ಇನ್ನು ನನ್ನ ಹೆಸರಿನಲ್ಲಿ ಯಾರೂ ಏನೂ ಒಯ್ಯಲಾಗದು. ನನ್ನ ಬಾಲದ ನೆರಳಿಗೆ ನಾನೇ ಹೆದರುತ್ತೇನೆಂಬುದು ಆಮೆಯಜ್ಜನೊಬ್ಬನಿಗೇ ಗೊತ್ತು."

ಕೆಳಗಿನ ಕೊಂಬೆಯಲ್ಲಿ ಗೊರವಂಕ ತಲೆದೂಗಿತು. "ಆಹಾ, ಇನ್ನೊಮ್ಮೆ."